ನಾನೂರ ಮೂವತ್ತೆರಡು ಬಲೂನು

ನೀರು ಸರಬರಾಜು ಕಚೇರಿಯ ಮೀಟರು ವಿಭಾಗದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು 'ಅದೇನ್ಮಹಾ'. ಯಾರು ಯಾವ ಕೆಲಸದ ಮಾತೆತ್ತಿದರೂ ಅವನ ಬಾಯಿಂದ ಮೊದಲು ಬೀಳುತ್ತಿದ್ದದ್ದು ಅದೇ ಮಾತು. ಹಾಗಂತ ಕೆಟ್ಟವನಲ್ಲ, ಸುಳ್ಳುಗಾರನೂ ಅಲ್ಲ. ಬಾಯಿ ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತಿತ್ತು, ಉಳಿದ ಮೈ ಏದುಸಿರು ಬಿಡುತ್ತ ಅದರ ಹಿಂದೆ ಓಡಬೇಕಾಗುತ್ತಿತ್ತು, ಅಷ್ಟೆ. ಹೋದ ವರ್ಷ ಕಚೇರಿಯ ಗೋಡೆ ಗಡಿಯಾರ ನಿಂತಾಗಲೂ ಅವನು ಅದನ್ನೇ ಅಂದು ಬಿಚ್ಚಿದ್ದ. ಅವತ್ತಿನಿಂದ ಸಿಬ್ಬಂದಿ ತಂತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

ಕಚೇರಿಯ ದೊಡ್ಡ ಮೇಡಂ ಮೂವತ್ತಾರು ವರ್ಷ ಕೆಲಸ ಮಾಡಿ ಆ ತಿಂಗಳ ಕೊನೆಯ ಶನಿವಾರ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಗೆ ಕಚೇರಿಯ ಸಭಾಂಗಣವೇ ಸಾಕೆಂದಾಯಿತು. ತೊಡಕು ಒಂದೇ, ವೇದಿಕೆಯ ಹಿಂದಿನ ಗೋಡೆ. ಊರಿಗೆಲ್ಲ ನೀರು ಹಂಚುವ ಕಚೇರಿಯ ಆ ಗೋಡೆಯೊಳಗೆ ಒಂದು ಕೊಳವೆ ಎಂಟು ವರ್ಷದಿಂದ ಸೋರುತ್ತಿತ್ತು. ಸುಣ್ಣ ಉದುರಿ ಪಾಚಿ ಹಿಡಿದು, ಅದರ ಮುಂದೆ ಯಾರು ನಿಂತು ಮಾತಾಡಿದರೂ ಬಾವಿಯೊಳಗಿಂದ ಮಾತಾಡಿದ ಹಾಗೆ ಕಾಣುತ್ತಿತ್ತು.

ಮೇಡಂ ಇಲ್ಲದ ಹೊತ್ತಿನಲ್ಲಿ ಸೇರಿದ ಸಭೆಯಲ್ಲಿ ಟೈಪಿಸ್ಟ್ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. "ಇದು ಬಲೂನ್ ಪರದೆ. ಬಲೂನಿನ ಸರ ಮಾಡಿ ಮೇಲಿಂದ ನೆಲದ ತನಕ ಒತ್ತೊತ್ತಾಗಿ ಇಳಿಬಿಟ್ಟರೆ ಹಿಂದೆ ಏನಿದೆ ಅಂತಲೇ ಗೊತ್ತಾಗಲ್ಲ. ಮೇಡಂಗೆ ಮೊದಲೇ ತಿಳಿಯಬಾರದು. ಆದರೆ ಕಟ್ಟೋಕೆ ಬರೋರು ಬೇಕು."

"ಅದೇನ್ ಮಹಾ," ಎಂದು ಹಿಂದಿನ ಸಾಲಿನಿಂದ ಮಾತು ಬಂತು.

ಎಲ್ಲರೂ ತಿರುಗಿದರು. "ನಿಮಗೆ ಬರತ್ತಾ?" ಎಂದು ಕ್ಯಾಷಿಯರ್ ಕೇಳಿದ.

"ನನ್ನ ಷಡ್ಡಕನ ಮಗಳ ಹುಟ್ಟಿದ ದಿನಕ್ಕೆ ಇಂಥದ್ದೇ ಕಟ್ಟಿದ್ವಿ. ಪೂರ್ತಿ ಆಗೋವರೆಗೂ ನಾನೇ ನಿಂತಿದ್ದೆ."

ನಿಂತಿದ್ದದ್ದು ನಿಜ. ಏಣಿ ಅಲುಗಾಡುತ್ತದೆಂದು ಅದರ ಕಾಲು ಹಿಡಿದು ಒಂದೂವರೆ ಗಂಟೆ ನಿಂತಿದ್ದ. ಮೇಲೆ ಏನು ನಡೆಯುತ್ತಿದೆ ಎಂದು ಕತ್ತೆತ್ತಿದಾಗಲೆಲ್ಲ ಕಣ್ಣಿಗೆ ಧೂಳು ಬೀಳುತ್ತಿದ್ದುದರಿಂದ ಕಸುಬಿನ ಗುಟ್ಟು ಅವನಿಗೆ ತಿಳಿಯಲಿಲ್ಲ. ಆದರೆ ಸಭೆ ಇಷ್ಟೆಲ್ಲ ಕೇಳಲಿಲ್ಲ. ಚಪ್ಪಾಳೆ ತಟ್ಟಿ ಕೆಲಸವನ್ನು ಅವನ ತಲೆಗೆ ಕಟ್ಟಿತು.

ಅವನು ರಜಾ ಅರ್ಜಿಯೊಂದರ ಬೆನ್ನ ಮೇಲೆ ಲೆಕ್ಕ ಹಾಕಿದ. ಗೋಡೆ ಹನ್ನೆರಡಡಿ ಅಗಲ, ಒಂಬತ್ತಡಿ ಎತ್ತರ. ಅರ್ಧ ಅಡಿಗೊಂದು ಸರ, ಸರದಲ್ಲಿ ಅರ್ಧ ಅಡಿಗೊಂದು ಬಲೂನು. ಒಟ್ಟು ನಾನೂರ ಮೂವತ್ತೆರಡು. ಅಂಗಡಿಗೆ ಹೋಗಿ ಚೀಲ ತುಂಬ ಬಲೂನು ಕಟ್ಟಿಸಿಕೊಂಡಾಗ ಅಂಗಡಿಯಾಕೆ, "ಪಂಪ್ ಬೇಡವಾ?" ಎಂದು ಕೇಳಿದಳು.

"ನಾನು ನೀರು ಸರಬರಾಜಿನವನು. ನಮ್ಮಲ್ಲಿ ಬೇಕಾದಷ್ಟು ಪಂಪ್ ಇವೆ," ಎಂದು ಅವನು ಗಂಭೀರವಾಗಿ ಹೇಳಿ ಬಂದ. ಬಲೂನಿಗೂ ಪಂಪ್ ಎಂಬುದಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಹೆಂಡತಿ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಒಳಗೆ ಕಾಲಿಟ್ಟಲ್ಲೆಲ್ಲ ಸೂಜಿ, ಗುಂಡುಪಿನ್ನು. ಹಾಗಾಗಿ ಭಾನುವಾರ ಬೆಳಿಗ್ಗೆ ಅವನು ಬಾಲ್ಕನಿಯಲ್ಲಿ ಮಣೆ ಹಾಕಿ ಕೂತು ಊದತೊಡಗಿದ. ಆಫೀಸಿನ ಅಲಂಕಾರಕ್ಕೆ ಎಂದಷ್ಟೇ ಹೆಂಡತಿಗೆ ಹೇಳಿದ್ದ. ಮುಖ್ಯಸ್ಥ ತಾನೇ ಎಂದರೆ ಇವರು ಯಾವಾಗ ಕಲಿತರು ಎಂಬ ಪ್ರಶ್ನೆ ಏಳುತ್ತಿತ್ತು.

ಎಲ್ಲ ಬಲೂನೂ ಒಂದೇ ಗಾತ್ರ ಇರಬೇಕಲ್ಲ. ಅವನು ಒಂದನ್ನು ಊದುತ್ತಿದ್ದ, ಸ್ಕೇಲು ಹಿಡಿದು ನೋಡುತ್ತಿದ್ದ, ದೊಡ್ಡದಾಯಿತೆಂದು ಗಾಳಿ ಬಿಡುತ್ತಿದ್ದ, ಮತ್ತೆ ಊದುತ್ತಿದ್ದ. ಹದಿನೈದನೆಯದಕ್ಕೆ ಮುಖ ಕೆಂಪೇರಿತು. ಇಪ್ಪತ್ತನೆಯದಕ್ಕೆ ಕಣ್ಣ ಮುಂದೆ ಮಿಂಚುಹುಳ ಹಾರಾಡಿ, ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೊರಗಿದ.

ಎದುರು ಬಾಲ್ಕನಿಯಲ್ಲಿ ನರ್ಸಮ್ಮ ಬಟ್ಟೆ ಹರವುತ್ತಿದ್ದರು. ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಶ್ವಾಸಕೋಶ ಕೆಟ್ಟವರಿಗೆ ಬಲೂನು ಊದುವ ವ್ಯಾಯಾಮ ಕೊಡುತ್ತಾರೆಂಬುದು ಅವರಿಗೆ ಗೊತ್ತಿದ್ದಷ್ಟು ಆ ಬೀದಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಹಾಕಿ ಅವರು ಕಂಬಿಯ ಹತ್ತಿರ ಬಂದರು.

"ಎಷ್ಟು ದಿನದಿಂದ ಇದು?" ಎಂದು ಮೆಲ್ಲಗೆ ಕೇಳಿದರು.

ತನ್ನ ಕಲೆಯ ವಿಚಾರ ಕೇಳುತ್ತಿದ್ದಾರೆ ಎಂದುಕೊಂಡ ಅವನು, "ಹಳೇದು ನರ್ಸಮ್ಮ. ಯಾರ ಹತ್ರನೂ ಹೇಳ್ಕೊಂಡಿರಲಿಲ್ಲ. ಈಗ ಆಫೀಸಲ್ಲಿ ಗೊತ್ತಾಗಿಬಿಡ್ತು," ಎಂದ.

"ಎಷ್ಟು ಊದಬೇಕಂತೆ?"

"ನಾನೂರ ಮೂವತ್ತೆರಡು."

ನರ್ಸಮ್ಮ ಕಂಬಿ ಹಿಡಿದುಕೊಂಡರು. ಎಂಥ ಕೆಟ್ಟ ಎದೆಗೂ ದಿನಕ್ಕೆ ಹತ್ತರ ಮೇಲೆ ಬರೆದ ಡಾಕ್ಟರನ್ನು ಅವರು ಕಂಡಿರಲಿಲ್ಲ. "ಎಲ್ಲೀವರೆಗೆ?"

"ಶನಿವಾರದವರೆಗೆ."

"ಆಮೇಲೆ?"

"ಆಮೇಲೇನಿದೆ ನರ್ಸಮ್ಮ. ಪರದೆ," ಎಂದು ಅವನು ನಕ್ಕ.

ಆ ನಗು ನೋಡಿ ನರ್ಸಮ್ಮ ದನಿ ಇನ್ನಷ್ಟು ತಗ್ಗಿಸಿದರು. "ಮನೆಯವರಿಗೆ ಗೊತ್ತಾ?"

"ಪೂರ್ತಿ ಹೇಳಿಲ್ಲ. ನೀವೂ ಹೇಳಬೇಡಿ. ಅವಳಿಗೆ ಗೊತ್ತಾದರೆ ಶನಿವಾರದ ತನಕವೂ ಕಾಯೋದು ಬೇಡ, ನನ್ನ ಕಥೆ ಇವತ್ತೇ ಮುಗಿಯತ್ತೆ."

ನರ್ಸಮ್ಮ ಮಾತು ಉಳಿಸಿಕೊಳ್ಳುವ ಹೆಂಗಸು. ಹೆಂಡತಿಗೆ ಹೇಳಲಿಲ್ಲ. ಕಟ್ಟಡಕ್ಕೆ ಲಿಫ್ಟ್ ಇಲ್ಲ, ರೋಗಿ ಇರುವುದು ಮೂರನೆಯ ಮಹಡಿಯಲ್ಲಿ ಎಂಬ ಒಂದೇ ಕಾರಣಕ್ಕೆ ಕಟ್ಟಡದ ಕಾರ್ಯದರ್ಶಿಯಾದ ನಿವೃತ್ತ ಮೇಷ್ಟ್ರಿಗೆ ಮಾತ್ರ ಹೇಳಿದರು. ಮೇಷ್ಟ್ರು ಕೂಡ ಗುಟ್ಟು ಕಾಯುವವರೇ. ಹೆಸರು ಹಾಕದೆ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದರು: 'ಮೂರನೆಯ ಮಹಡಿಯ ಒಬ್ಬರಿಗೆ ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಸರಿದು ದಾರಿ ಬಿಡತಕ್ಕದ್ದು. ಕಾರಣ ಕೇಳತಕ್ಕದ್ದಲ್ಲ. ಅವರ ಮನೆಯವರ ಮುಂದೆ ಎಂದಿನಂತೆ ಇರತಕ್ಕದ್ದು.' ಮೂರನೆಯ ಮಹಡಿಯಲ್ಲಿದ್ದದ್ದು ಎರಡೇ ಮನೆ. ಒಂದಕ್ಕೆ ಆರು ತಿಂಗಳಿಂದ ಬೀಗ.

ಸೋಮವಾರ ಬೆಳಿಗ್ಗೆ ಅದೇನ್ಮಹಾ ಮೆಟ್ಟಿಲಿಳಿಯುವಾಗ ಇಸ್ತ್ರಿಯವನು ಬುಟ್ಟಿ ಸಮೇತ ಗೋಡೆಗಂಟಿ ನಿಂತ. ಎರಡನೆಯ ಮಹಡಿಯ ವಿಮಾ ಏಜೆಂಟು ಅವನನ್ನು ಕಂಡರೆ ಎಂದೂ ಬಿಡದವನು, ಅವತ್ತು ಕೈ ಹಿಡಿದು, "ನಿಮಗೆ ಒಂದು ಪಾಲಿಸಿ ಮಾಡಿಸಲೇ ಇಲ್ಲವಲ್ಲ ನಾನು, ನನ್ನದೇ ತಪ್ಪು," ಎಂದು ಕಣ್ಣೊರೆಸಿಕೊಂಡ. ಚೀಟಿಯನ್ನು ಅದೇನ್ಮಹಾ ಕೂಡ ಓದಿದ್ದ. ಬಲೂನಿನ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಅವನಿಗೆ ಬೆರಗು. ಕಲಾವಿದನಿಗೆ ಸಮಾಜ ಕೊಡುವ ಗೌರವ ಇದು ಎಂದುಕೊಂಡು ಅವತ್ತಿನಿಂದ ಸ್ವಲ್ಪ ನಿಧಾನವಾಗಿ ಮೆಟ್ಟಿಲಿಳಿಯತೊಡಗಿದ. ನಿಧಾನ ಕಂಡು ಜನ ಇನ್ನಷ್ಟು ಮರುಗಿದರು.

ಮೇಷ್ಟ್ರು ಜವಾಬ್ದಾರಿಯ ಮನುಷ್ಯ. ಭಾರದ ಕೆಲಸ ಕೊಡಬೇಡಿ ಎಂದು ಕಚೇರಿಗೂ ಫೋನು ಮಾಡಿದರು. ಬುಧವಾರ ದೊಡ್ಡ ಮೇಡಂ ಅವನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ಮೀಟರು ವಿಭಾಗದವರು ಯಾರೂ ಕೂತದ್ದಿಲ್ಲ.

"ನನಗೆ ಎಲ್ಲಾ ತಿಳೀತು," ಎಂದರು ಮೇಡಂ.

ಪರದೆಯ ಗುಟ್ಟು ಒಡೆಯಿತೆಂದು ಅವನಿಗೆ ಬೇಸರವಾಯಿತು. "ನಿಮಗೆ ತಿಳೀಬಾರದಿತ್ತು ಮೇಡಂ. ಶನಿವಾರ ಒಂದೇ ಸಲ ಎಲ್ಲರ ಎದುರಿಗೆ ಆಗಲಿ ಅಂತಿದ್ದೆ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ನನ್ನ ನಿವೃತ್ತಿಯ ದಿನವೇ ಯಾಕೆ?"

"ನಿಮಗೋಸ್ಕರ ಮೇಡಂ."

"ಎಷ್ಟು ಧೈರ್ಯ ನಿಮಗೆ."

"ಧೈರ್ಯ ಏನು ಮೇಡಂ. ಉಸಿರಿದ್ದರೆ ಸಾಕು."

ಮೂವತ್ತಾರು ವರ್ಷದಲ್ಲಿ ಯಾರ ಮುಂದೆಯೂ ಅಳದ ಮೇಡಂ ಅಂದು ಕಿಟಕಿಯ ಕಡೆ ತಿರುಗಿ ತುಂಬ ಹೊತ್ತು ನಿಂತರು. ಅವನು ಕಾಲುಗಂಟೆ ಕಾದು, ಸದ್ದಾಗದಂತೆ ಎದ್ದು ಹೋದ.

ಗುರುವಾರ ಅವನ ಅಕ್ಕ ಬೇರೆ ಊರಿನಿಂದ ಬಂದಿಳಿದಳು. ಷಡ್ಡಕ ಫೋನಿನಲ್ಲಿ ಹೇಳಿದ್ದನಂತೆ. ಷಡ್ಡಕನಿಗೆ ಹೇಳಿದ್ದು ಯಾರು ಎಂಬುದು ಈವರೆಗೂ ತಿಳಿದಿಲ್ಲ. ಒಂದು ಕೈಯಲ್ಲಿ ಕಂಬಳಿ, ಇನ್ನೊಂದರಲ್ಲಿ ಬಿಸಿನೀರಿನ ಚೀಲ. ಬಂದವಳೇ ಹೊಲಿಗೆ ಯಂತ್ರದ ಮುಂದಿದ್ದ ನಾದಿನಿಯ ಹೆಗಲ ಮೇಲೆ ಕೈಯಿಟ್ಟು, "ಗಟ್ಟಿ ಮನಸ್ಸು ಮಾಡ್ಕೊ," ಎಂದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ಯಂತ್ರ ನಿಂತಿತು.

ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಅದೇ ಜಾಗದಲ್ಲಿ ಕೂತಿದ್ದಳು. ಕಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುವವಳು ಆಗ ಕೈಯಲ್ಲಿ ಸೂಜಿ ಬೇರೆ ದಾರ ಬೇರೆ ಹಿಡಿದುಕೊಂಡಿದ್ದಳು.

"ನನ್ನ ಕಡೆ ನೋಡಿ ಹೇಳಿ. ನಿಮಗೆ ಏನಾಗಿದೆ?"

"ಏನಾಗಿದೆ?"

"ಶನಿವಾರ ಏನು?"

ಅವಳ ದನಿ ಕೇಳಿ ಅವನ ಬಾಯಿ ಜೀವನದಲ್ಲಿ ಮೊದಲ ಬಾರಿಗೆ ಮೈಗಿಂತ ಹಿಂದೆ ಉಳಿಯಿತು. ಕೆಳಗೆ ಕೂತು, ಸಭೆಯಿಂದ ಹಿಡಿದು ಬಾಲ್ಕನಿಯ ತನಕ ಒಂದೂ ಬಿಡದೆ ಹೇಳಿದ. ಹೇಳುತ್ತಾ ಹೇಳುತ್ತಾ ಮೆಟ್ಟಿಲಲ್ಲಿ ಸಿಕ್ಕ ಗೌರವದ ಅರ್ಥ ಅವನಿಗೇ ಹೊಳೆಯಿತು.

ಹೆಂಡತಿ ಕೈಗೆ ಸಿಕ್ಕ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಅದು ಯಾರದೋ ಮಗುವಿನ ಶಾಲೆಯ ಅಂಗಿ. "ಮಧ್ಯಾಹ್ನವೆಲ್ಲ ನಾನು ಏನೇನು ಯೋಚನೆ ಮಾಡಿದೆ ಗೊತ್ತಾ ನಿಮಗೆ," ಎಂದಳು. ಅಂಗಿಯನ್ನು ಮಡಿಚಿಡುತ್ತ, "ನಾಳೆ ಎಲ್ಲರಿಗೂ ನಿಜ ಹೇಳಿಬಿಡಿ," ಎಂದಳು.

ಅಕ್ಕ ಮಾತ್ರ ಒಪ್ಪಲಿಲ್ಲ. "ಗಂಡಹೆಂಡಿರು ಸೇರಿ ನನ್ನಿಂದ ಮುಚ್ಚಿಡ್ತಿದೀರ. ನಾನೇನು ಹೊರಗಿನವಳಾ?" ಎಂದು ಅವನ ಮೇಲೆ ಕಂಬಳಿ ಹೊದಿಸಿದಳು.

ಶುಕ್ರವಾರ ಬೆಳಿಗ್ಗೆ ಅವನು ಮೊದಲು ನರ್ಸಮ್ಮನ ಮನೆ ಬಾಗಿಲು ತಟ್ಟಿದ. "ನನಗೆ ಯಾವ ಕಾಯಿಲೆಯೂ ಇಲ್ಲ ನರ್ಸಮ್ಮ. ಅದು ಅಲಂಕಾರಕ್ಕೆ ಊದ್ತಿದ್ದದ್ದು."

ನರ್ಸಮ್ಮ ಅವನ ಕೈ ಸವರಿದರು. "ಮೊದಮೊದಲು ಎಲ್ಲರೂ ಹೀಗೇ ಅಂತಾರೆ. ಹನ್ನೆರಡನೇ ನಂಬರಿನ ಹಾಸಿಗೆಯವನೂ ಹೀಗೇ ಅಂದಿದ್ದ."

"ಅವನಿಗೇನಾಯ್ತು?"

ನರ್ಸಮ್ಮ ಅವನಿಗೆ ಕೂರಲು ಕುರ್ಚಿ ಎಳೆದು ಹಾಕಿದರು.

ಕಚೇರಿಯಲ್ಲಿ ಕ್ಯಾಷಿಯರ್‌ಗೆ ಹೇಳಿದ: "ನೋಡಿ, ನನಗೆ ರೋಗ ಇಲ್ಲ. ಬಲೂನ್ ಪರದೆ ಕಟ್ಟೋಕೂ ಬರಲ್ಲ. ನಾನು ಏಣಿ ಹಿಡ್ಕೊಂಡಿದ್ದೆ, ಅಷ್ಟೆ."

"ಆಯ್ತು, ರೋಗ ಇಲ್ಲ, ಪರದೆಯೂ ಬರಲ್ಲ. ಕೂತ್ಕೊಳಿ, ನೀರು ಕುಡೀರಿ," ಎಂದ ಕ್ಯಾಷಿಯರ್. ತಿರುಗಿ ಟೈಪಿಸ್ಟ್‌ಗೆ ಪಿಸುಗುಟ್ಟಿದ, "ತಲೆಗೂ ಏರಿದೆ."

ಸಂಜೆಯ ಹೊತ್ತಿಗೆ ಹದಿನಾಲ್ಕು ಜನ ಅವನನ್ನು ಹೇಗಿದ್ದೀರಿ ಎಂದು ಕೇಳಿದ್ದರು. ಹದಿನೈದನೆಯವರು ಕೇಳಿದಾಗ ಅವನಿಗೇ ಎದೆಯ ಎಡಭಾಗದಲ್ಲಿ ಚುಳುಕ್ ಎಂದ ಹಾಗಾಯಿತು.

ಇಷ್ಟೆಲ್ಲದರ ನಡುವೆ, ಭಾನುವಾರ ಊದಿಟ್ಟಿದ್ದ ಅರವತ್ತು ಬಲೂನು ಬಾಡಿದ ಬದನೆಕಾಯಿಯಂತಾಗಿ ಮೂಲೆಯಲ್ಲಿ ಬಿದ್ದಿದ್ದವು. ಗಾಳಿ ಆರು ದಿನ ನಿಲ್ಲುವುದಿಲ್ಲ ಎಂಬುದು ಕಸುಬಿನ ಇನ್ನೊಂದು ಗುಟ್ಟು. ಸಮಾರಂಭ ಹನ್ನೊಂದಕ್ಕೆ. ಶನಿವಾರ ಬೆಳಿಗ್ಗೆ ಏಳಕ್ಕೇ ಅವನು ಚೀಲ ಹೊತ್ತು ಸಭಾಂಗಣಕ್ಕೆ ಹೋದ. ಹಿಂದೆ ಕತ್ತರಿ ಮತ್ತು ದಪ್ಪ ದಾರದ ಉಂಡೆ ಹಿಡಿದು ಹೆಂಡತಿ, ಅವಳ ಹಿಂದೆ ಬಿಸಿನೀರಿನ ಚೀಲ ಹಿಡಿದು ಅಕ್ಕ, ಅಕ್ಕನ ಹಿಂದೆ, ಯಾವುದಕ್ಕೂ ಇರಲಿ ಎಂದು ನರ್ಸಮ್ಮ.

ಅಲ್ಲಿ ಆಗಲೇ ನಲವತ್ತು ಜನ ಸಿಬ್ಬಂದಿ ಸೇರಿದ್ದರು. ಅವನು ಮೊದಲ ಬಲೂನನ್ನು ತುಟಿಗಿಡುವಷ್ಟರಲ್ಲಿ ಕ್ಯಾಷಿಯರ್ ಓಡಿಬಂದು ಕಿತ್ತುಕೊಂಡ. "ನೀವು ಒಂದೂ ಊದಬಾರದು. ಇಲ್ಲಿ ಕೂತು ಹೇಳಿ, ನಾವು ಮಾಡ್ತೀವಿ." ಸಭಾಂಗಣದ ನಡುವೆ ಮೇಡಂ ಅವರದೇ ಮೆತ್ತೆಯ ಕುರ್ಚಿ ಹಾಕಿದ್ದರು.

ನಲವತ್ತು ಜನ ಸಾಲಾಗಿ ಕೂತು ಊದಿದರು. ಬಿಲ್ಲು ವಿಭಾಗದವರು ಮೊದಲು ಸುಸ್ತಾದರು. ಎಂಟು ಗಂಟೆಗೆ ದೊಡ್ಡ ಮೇಡಂ ತಾವೇ ಬಂದು, ಇನ್ನು ನನ್ನಿಂದ ಮುಚ್ಚುವುದೇನಿದೆ ಎಂದು ಒಂದು ಹಳದಿ ಬಲೂನು ಎತ್ತಿಕೊಂಡರು. "ಕಡತದ ಮೇಲಿನ ಧೂಳು ಬಿಟ್ಟರೆ ಈ ಕಚೇರಿಯಲ್ಲಿ ನಾನು ಏನನ್ನೂ ಊದಿರಲಿಲ್ಲ," ಎಂದರು.

ಊದಿದ್ದೇನೋ ಆಯಿತು. ಈಗ ಎಲ್ಲರೂ ಅವನ ಮುಖ ನೋಡಿದರು. "ಮುಂದೆ?"

ಮುಂದೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಎದ್ದು ಸೆರಗು ಸಿಕ್ಕಿಸಿ, ಗೋಡೆಯನ್ನು ಗೇಣಿನಲ್ಲಿ ಅಳೆದಳು. ಮೇಲಿನ ಎರಡು ಮೊಳೆಗೆ ಅಡ್ಡ ಹಗ್ಗ ಬಿಗಿಸಿದಳು. ದಾರವನ್ನು ಎರಡೆಳೆ ಮಾಡಿ, ಒಂಬತ್ತಡಿ ಉದ್ದಕ್ಕೆ ಕತ್ತರಿಸಿ, ಬಲೂನಿನ ಬಾಲದ ಗಂಟಿನ ಕೆಳಗೆ ಎರಡು ಸುತ್ತು ಹಾಕಿ ಎಳೆದಳು. "ಗಂಟಿನ ಮೇಲೆ ಸುತ್ತಿದರೆ ಜಾರತ್ತೆ, ಕೆಳಗೆ ಸುತ್ತಿ. ಪಕ್ಕದ ಸರದ ಬಲೂನು ಇದರ ಸಂದಿಯಲ್ಲಿ ಕೂರಬೇಕು, ಇಲ್ಲದಿದ್ದರೆ ಗೋಡೆ ಕಾಣತ್ತೆ." ಒಂದು ಸರ ನೋಡಿ ಜನ ಉಳಿದ ಇಪ್ಪತ್ತಮೂರು ಕಟ್ಟಿದರು. ಮೂವತ್ತೇಳು ಬಲೂನು ಒಡೆದವು. ಒಂದೊಂದು ಒಡೆದಾಗಲೂ ನರ್ಸಮ್ಮ ಅವನ ನಾಡಿ ಹಿಡಿದರು.

ಹತ್ತೂಮುಕ್ಕಾಲಿಗೆ ಪರದೆ ಇಳಿಯಿತು. ಬಿಳಿ, ಹಳದಿ, ತಿಳಿನೀಲಿ; ಫ್ಯಾನಿನ ಗಾಳಿಗೆ ಒಂದಕ್ಕೊಂದು ಉಜ್ಜಿ ಮೆಲ್ಲಗೆ ಸದ್ದು ಮಾಡುತ್ತ ಇಡೀ ಗೋಡೆ ಮುಚ್ಚಿಕೊಂಡಿತು. ಕೊಳವೆ ಸೋರುವ ಸದ್ದು ಮಾತ್ರ ಕೇಳುತ್ತಿತ್ತು.

ಮೇಡಂ ಭಾಷಣದ ಎರಡು ಹಾಳೆ ತಂದಿದ್ದರು. ಮೊದಲನೆಯದು ತಮ್ಮ ಸೇವೆಯ ಬಗ್ಗೆ, ಎರಡನೆಯದು ಅವನ ಬಗ್ಗೆ. ಎರಡನೆಯದರಿಂದಲೇ ಶುರು ಮಾಡಿದರು. "ಸಾವು ಬಾಗಿಲಲ್ಲಿ ನಿಂತಿರುವಾಗಲೂ ಇನ್ನೊಬ್ಬರ ಸಂತೋಷಕ್ಕೆ ಉಸಿರು ಕೊಡುವವರು..." ಎನ್ನುತ್ತಿದ್ದಂತೆ ಅವನಿಗೆ ತಡೆಯಲಾಗಲಿಲ್ಲ. ಎದ್ದು ಮೈಕಿನ ಹತ್ತಿರ ಹೋದ. "ಮೇಡಂ, ನಾನು ಒಂದು ಮಾತು..." ಎನ್ನುವಾಗ ಬಲೂನು ಅಂಟದಿರಲೆಂದು ಹಾಕಿರುವ ಪುಡಿ ಮೂಗಿಗೇರಿತು. ಒಮ್ಮೆ ಕೆಮ್ಮಿದ, ಎರಡು ಸಲ ಕೆಮ್ಮಿದ, ಆಮೇಲೆ ನಿಲ್ಲಲೇ ಇಲ್ಲ.

ಸಭೆ ಎದ್ದು ನಿಂತಿತು. ಅಕ್ಕ ಕಂಬಳಿ ತರಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು. ಇಂಥದ್ದಕ್ಕೇ ಎಂದು ಮೇಡಂ ಇಲಾಖೆಯ ಡಾಕ್ಟರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರು ವೇದಿಕೆಗೆ ಬಂದು, ಅವನನ್ನು ಮೇಜಿನ ಮೇಲೆ ಕೂರಿಸಿ, ಎದೆ, ಬೆನ್ನು, ಪಕ್ಕೆಗೆಲ್ಲ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ಇನ್ನೊಮ್ಮೆ ಮೊದಲಿಂದ ನೋಡಿದರು.

"ಹೇಳಿ ಡಾಕ್ಟ್ರೇ," ಎಂದರು ಮೇಡಂ. "ನಾವೆಲ್ಲ ತಯಾರಾಗಿದೀವಿ."

"ಇವರಿಗೆ ಏನೂ ಆಗಿಲ್ಲ," ಎಂದರು ಡಾಕ್ಟರು. "ಎದೆ ಕಮ್ಮಾರನ ತಿದಿ ಇದ್ದ ಹಾಗಿದೆ. ಆದರೆ ಉಳಿದವರೆಲ್ಲ ಯಾಕೆ ಹೀಗೆ ಬಿಳಿಚಿಕೊಂಡಿದೀರಿ?" ನಿಜಕ್ಕೂ ಬೆಳಿಗ್ಗೆಯಿಂದ ಊದಿದ ನಲವತ್ತು ಜನರಲ್ಲಿ ಅರ್ಧದಷ್ಟು ಮಂದಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಆಗ ಅವನು ಮೈಕಿನಲ್ಲಿ ಎಲ್ಲವನ್ನೂ ಹೇಳಿದ. ಪರದೆ ಕಟ್ಟಿದ್ದು ನನ್ನ ಹೆಂಡತಿ, ಊದಿದ್ದು ನೀವು, ನಾನು ಮಾಡಿದ್ದೆಂದರೆ ಬಾಯಿ ಬಿಟ್ಟಿದ್ದು, ಎಂದ. ಈ ಸಲ ಡಾಕ್ಟರು ಪಕ್ಕದಲ್ಲಿದ್ದುದರಿಂದ ಜನ ನಂಬಬೇಕಾಯಿತು. ಸಾಯಬೇಕಾದ ಮನುಷ್ಯ ಗುಂಡುಕಲ್ಲಿನ ಹಾಗೆ ನಿಂತಿರುವಾಗ ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸಭೆಗೆ ಸ್ವಲ್ಪ ನಿರಾಶೆಯೂ ಆಯಿತು. "ಒಂದು ವಾರ ರಜೆ ಹಾಕಿ ಬಂದೆನಲ್ಲೋ," ಎಂದು ಅಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದಳು. ಮೇಡಂ ಎರಡನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೆ ಕೊಟ್ಟರು. "ಇಟ್ಕೊಳಿ. ಯಾವತ್ತಾದರೂ ಬೇಕಾಗತ್ತೆ," ಎಂದು ನಕ್ಕು, ಅವನ ಹೆಂಡತಿಯನ್ನು ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವತ್ತಿನ ಫೋಟೋಗಳಲ್ಲೆಲ್ಲ ಅವರಿಬ್ಬರೇ ಇದ್ದಾರೆ.

ಒಬ್ಬರು ಮಾತ್ರ ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನು ಬಾಲ್ಕನಿಗೆ ಬಂದಾಗ ನರ್ಸಮ್ಮ ಎದುರು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ತೊಡೆಯ ಮೇಲೆ ಹೊಸ ನೋಟ್‌ಬುಕ್ಕು, ಅದರಲ್ಲಿ ಸ್ಕೇಲಿನಿಂದ ಎಳೆದ ಗೆರೆಗಳು.

"ಇವತ್ತು ಯಾಕೆ ಊದ್ತಿಲ್ಲ?"

"ಡಾಕ್ಟ್ರು ಏನೂ ಇಲ್ಲ ಅಂದ್ರಲ್ಲ ನರ್ಸಮ್ಮ."

"ಗುಣ ಆಗಿದ್ದು ಅದರಿಂದಲೇ. ಈಗ ಬಿಟ್ಟರೆ ತಿರುಗಿ ಬರತ್ತೆ. ದಿನಕ್ಕೆ ಹತ್ತು ಸಾಕು. ನಾನು ಬರ್ಕೋತೀನಿ."

ಅವರು ಪೆನ್ನಿನ ಮುಚ್ಚಳ ತೆಗೆದು ಕಾದರು. ಕೈಗಡಿಯಾರವನ್ನು ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದರು. ವಾರ್ಡಿನಲ್ಲಿ ಹಾಗೆ ಸಿಕ್ಕಿಸಿಕೊಳ್ಳುತ್ತಿದ್ದಿರಬೇಕು. ನಿವೃತ್ತರಾಗಿ ಏಳು ವರ್ಷವಾಗಿತ್ತು. ಇಷ್ಟು ಬೆಳಿಗ್ಗೆ ತಲೆ ಬಾಚಿ ಸಿದ್ಧರಾಗಿ ಕೂತದ್ದನ್ನು ಅವನು ನೋಡಿರಲಿಲ್ಲ.

ಅವನು ಒಳಗೆ ಹೋಗಿ ಉಳಿದಿದ್ದ ಬಲೂನಿನಲ್ಲಿ ಒಂದನ್ನು ತಂದು ಮಣೆಯ ಮೇಲೆ ಕೂತು ಊದಿದ.

"ಒಂದು," ಎಂದರು ನರ್ಸಮ್ಮ. "ಬೆನ್ನು ನೆಟ್ಟಗಿರಲಿ."

ಹೆಂಡತಿ ಒಳಗಿನಿಂದ, "ಎಷ್ಟು ದಿನ ಇದು?" ಎಂದು ಕೇಳಿದಳು.

"ಅವರು ಸಾಕು ಅನ್ನೋವರೆಗೆ," ಎಂದು ಅವನು ಗಾಳಿ ಬಿಟ್ಟು, ಎರಡನೆಯದಕ್ಕೆ ಉಸಿರೆಳೆದುಕೊಂಡ. ಈಗ ಮೂರನೆಯ ನೋಟ್‌ಬುಕ್ಕು ನಡೆಯುತ್ತಿದೆ.